ಅಣ್ಣಾರ ಬಾಯಲ್ಲಿ ಅಮ್ಮನ ಬೆಂಡೋಲೆ

ಮಲಾಡ್ ಸ್ಟೇಷನ್ನಿನ ಪಶ್ಚಿಮಕ್ಕೆ ಇಳಿದು ಹಣ್ಣಿನ ಗಾಡಿಗಳ ಸಾಲು ದಾಟಿದರೆ ಒಂದು ಹಳೆಯ ಬಿಲ್ಡಿಂಗು. ಕೆಳಗೆ ಉಡುಪಿ ಹೋಟೆಲು, ಮೇಲೆ ಹಲ್ಲಿನ ದವಾಖಾನೆ. ಎಪ್ಪತ್ತರ ದಶಕದಲ್ಲಿ ಏಳು ವರ್ಷ ನಾನು ಆ ದವಾಖಾನೆಯಲ್ಲಿ ಕೆಲಸ ಮಾಡಿದೆ. ಮದುವೆಯಾಗಿ ಧಾರವಾಡದ ಕಡೆಯಿಂದ ಬೊರಿವಲಿಗೆ ಬಂದವಳು. ಗಂಡ ರೈಲ್ವೆಯ ಗೂಡ್ಸ್ ಆಫೀಸಿನಲ್ಲಿ ಗುಮಾಸ್ತ. ಮ್ಯಾಟ್ರಿಕ್ ಮುಗಿಸಿದ್ದೆ, ಇಂಗ್ಲಿಷು ಓದಿದರೆ ತಿಳಿಯುತ್ತಿತ್ತು, ರಕ್ತ ನೋಡಿದರೆ ತಲೆ ತಿರುಗುತ್ತಿರಲಿಲ್ಲ. ಡಾಕ್ಟರರಿಗೆ ಅಷ್ಟು ಸಾಕಾಯಿತು.

ಪೇಷಂಟರ ಹೆಸರು ಬರೆಯುವುದು, ಚಿಮಟ-ಇಕ್ಕಳಗಳನ್ನು ಕುದಿಸುವುದು, ಅಚ್ಚಿಗೆ ಪ್ಲಾಸ್ಟರ್ ಕಲಸುವುದು, ಹೆದರಿದವರ ಕೈ ಹಿಡಿದುಕೊಂಡು ನಿಲ್ಲುವುದು, ಇಷ್ಟು ನನ್ನ ಕೆಲಸ. ಇದರ ಮೇಲೆ ಇನ್ನೊಂದು ಕೆಲಸ ತಾನಾಗಿ ಬಂದು ಸೇರಿಕೊಂಡಿತು. ಡಾಕ್ಟರು ಗುಜರಾತಿ. ಅವರ ಹಿಂದಿ ಗುಜರಾತಿಯಲ್ಲಿ ಅದ್ದಿ ತೆಗೆದ ಹಾಗಿರುತ್ತಿತ್ತು. ಕಷ್ಟದ ಸುದ್ದಿ ಹೇಳುವಾಗ ಮಾತ್ರ ಇಂಗ್ಲಿಷಿಗೆ ಹೋಗುತ್ತಿದ್ದರು. ನಮ್ಮ ಕಡೆಯಿಂದ ಬಂದು ಕಟ್ಟಡದ ಕೆಲಸ ಮಾಡುವ ಮಂದಿಯೂ ಹೋಟೆಲುಗಳಲ್ಲಿ ದುಡಿಯುವ ದಕ್ಷಿಣ ಕನ್ನಡದವರೂ ಕುರ್ಚಿಯಲ್ಲಿ ಬಾಯಿ ತೆರೆದು ನನ್ನ ಮುಖ ನೋಡುತ್ತಿದ್ದರು. ಡಾಕ್ಟರು ಹೇಳಿದ್ದನ್ನು ನಾನು ಕನ್ನಡಕ್ಕೆ ತಿರುಗಿಸುತ್ತಿದ್ದೆ. ಮೊದಲ ಎರಡು ವರ್ಷ ಒಂದು ಮಾತನ್ನೂ ಆಚೀಚೆ ಮಾಡದೆ ತಿರುಗಿಸಿದೆ.

ಕೆಳಗಿನ ಹೋಟೆಲಿನ ಯಜಮಾನರನ್ನು ಮಲಾಡಿನಲ್ಲಿ ಎಲ್ಲರೂ ಅಣ್ಣಾ ಎನ್ನುತ್ತಿದ್ದರು. ಮರಾಠಿ ಮಂದಿ, ಗುಜರಾತಿ ಮಂದಿ, ಪೋಸ್ಟಿನವನು, ಹಾಲಿನವನು, ಎಲ್ಲರಿಗೂ ಅಣ್ಣಾ. ನಿಜವಾಗಿ ಹಾಗೆ ಕರೆಯುವ ಹಕ್ಕಿದ್ದದ್ದು ದಹಿಸರಿನಲ್ಲಿದ್ದ ಅವರ ತಂಗಿ ಒಬ್ಬರಿಗೇ. ಐವತ್ತು ದಾಟಿದ, ದುಂಡು ಮುಖದ ಮನುಷ್ಯ. ಹೆಂಡತಿ ತೀರಿಕೊಂಡು ಬಹಳ ವರ್ಷವಾಗಿತ್ತು, ಮಕ್ಕಳಿರಲಿಲ್ಲ. ಹೋಟೆಲಿನ ಹಿಂದಿನ ಕೋಣೆಯಲ್ಲೇ ವಾಸ. ನಾನು ಬಿಳಿ ಕೋಟು ಹಾಕುತ್ತಿದ್ದುದರಿಂದ ನನ್ನನ್ನು ಸಿಸ್ಟರ್ ಎನ್ನುತ್ತಿದ್ದರು.

ಒಂದು ದಿನ ಹನ್ನೊಂದು ಗಂಟೆಗೆ ಡಾಕ್ಟರರ ಕಾಫಿಗೆ ಫ್ಲಾಸ್ಕು ಹಿಡಿದು ಕೆಳಗೆ ಹೋಗಿದ್ದೆ. ಅಣ್ಣಾ ದುಡ್ಡೆಣಿಸುತ್ತಾ ಕೂತಿದ್ದ ಗಲ್ಲೆಯ ಮುಂದೆ ಆಫೀಸಿನವನೊಬ್ಬ ಪ್ಲೇಟು ಹಿಡಿದು ನಿಂತಿದ್ದ. ಪ್ಲೇಟಿನಲ್ಲಿ ಎರಡು ಕೋಡುಬಳೆ.

“ಅಣ್ಣಾ, ಯೆ ಖಾನೇ ಕಾ ಹೈ ಕಿ ಲೋಖಂಡ್ ಹೈ?” ಎಂದ. ತಿನ್ನುವುದೋ ಕಬ್ಬಿಣವೋ ಎಂದು ಅವನ ಪ್ರಶ್ನೆ.

ಅಣ್ಣಾರಿಗೆ ಹೋಟೆಲಿನ ತಿಂಡಿಯ ಬಗ್ಗೆ ಯಾರು ಏನಂದರೂ ತಡೆಯುತ್ತಿರಲಿಲ್ಲ. ಪ್ಲೇಟಿನಿಂದ ಒಂದು ಕೋಡುಬಳೆ ಎತ್ತಿಕೊಂಡು, ಗಿರಾಕಿಯ ಕಣ್ಣನ್ನೇ ನೋಡುತ್ತಾ, ಮುಂದಿನ ಹಲ್ಲಿನಿಂದ ಕಚ್ಚಿದರು. ಸೀಮೆಸುಣ್ಣ ಮುರಿದಂಥ ಸದ್ದಾಯಿತು. ಕೋಡುಬಳೆ ಮುರಿಯಿತೆಂದೇ ನಾವೆಲ್ಲ ತಿಳಿದೆವು. ಅಣ್ಣಾರ ಮುಖದಲ್ಲಿ ಏನೂ ಬದಲಾಗಲಿಲ್ಲ. ಸ್ವಲ್ಪ ಹೊತ್ತು ಅಗಿದರು. ತುಟಿ ತೆರೆಯದೆ, “ನರಮ್ ಹೈ”, ಮೆತ್ತಗಿದೆ, ಎಂದರು. ಗಿರಾಕಿಗೆ ನಾಚಿಕೆಯಾಗಿ ಉಳಿದ ಕೋಡುಬಳೆ ತಿಂದು ಹೋದ. ಅವನು ಬೀದಿಗೆ ಇಳಿದ ಮೇಲೆ ಅಣ್ಣಾ ನನ್ನ ಕಡೆ ತಿರುಗಿ, ಬಾಯಿಗೆ ಅಂಗೈ ಅಡ್ಡ ಹಿಡಿದು ಕೇಳಿದರು:

“ಸಿಸ್ಟರ್, ಮೇಲೆ ಡಾಕ್ಟ್ರು ಉಂಟಾ?”

ಅಂಗೈ ಬಿಡಿಸಿದಾಗ ಅದರಲ್ಲಿ ಮೇಲಿನ ಮುಂದಿನ ಹಲ್ಲಿನ ಅರ್ಧ ಇತ್ತು. ಇನ್ನೊಂದು ಕೈಯಲ್ಲಿ ಮುಚ್ಚಿಟ್ಟಿದ್ದ ಕೋಡುಬಳೆ ಇಡಿಯಾಗಿಯೇ ಇತ್ತು.

ಅಣ್ಣಾ ಕುರ್ಚಿಯಲ್ಲಿ ಕೂತು ಬಾಯಿ ತೆರೆದಾಗ ಡಾಕ್ಟರರ ಮುಖ ಹಬ್ಬದ ಮನೆಯ ಹಾಗಾಯಿತು. ಅದಕ್ಕೆ ಕಾರಣವಿತ್ತು. ಅಲ್ಲಿಯವರೆಗೆ ಮುರಿದ ಹಲ್ಲಿಗೆ ಟೋಪಿ ಹಾಕಬೇಕೆಂದರೆ ಒಂದೋ ಚಿನ್ನದ್ದು, ಇಲ್ಲವೇ ಪ್ಲಾಸ್ಟಿಕ್ಕಿನದು. ಚಿನ್ನದ್ದು ದೂರಕ್ಕೆ ಮಿಂಚುತ್ತಿತ್ತು. ಪ್ಲಾಸ್ಟಿಕ್ಕಿನದು ಎರಡು ವರ್ಷಕ್ಕೆ ಚಹಾದ ಬಣ್ಣಕ್ಕೆ ತಿರುಗಿ ಸವೆಯುತ್ತಿತ್ತು. ಡಾಕ್ಟರು ಆಗಷ್ಟೇ ಹೊಸ ಬಗೆಯ ಟೋಪಿ ಹಾಕುವುದನ್ನು ಕಲಿತು ಬಂದಿದ್ದರು. ಒಳಗೆ ಲೋಹದ ತೆಳು ಚಿಪ್ಪು, ಅದರ ಮೇಲೆ ಪಿಂಗಾಣಿಯ ಪುಡಿ ಹಚ್ಚಿ ಒಲೆಯಲ್ಲಿ ಸುಟ್ಟದ್ದು. ನೋಡಲು ಹಲ್ಲೇ, ಗಟ್ಟಿಗೆ ಲೋಹ. ಮುಂದಿನ ಹಲ್ಲು ಮುರಿದವರು ಯಾರಾದರೂ ಬಂದಾರೆಂದು ಮೂರು ತಿಂಗಳಿಂದ ಕಾಯುತ್ತಿದ್ದರು.

ಅಣ್ಣಾರಿಗೆ ಗಲ್ಲೆಯ ಹಿಂದಿಯಷ್ಟೇ ಬರುತ್ತಿದ್ದುದರಿಂದ ನಾನು ಇದನ್ನೆಲ್ಲ ಕನ್ನಡದಲ್ಲಿ ಹೇಳಿದೆ. ಅಣ್ಣಾ ಕೇಳಿದರು:

“ಪಿಂಗಾಣಿ ಅಂದ್ರೆ ನಮ್ಮ ಕಪ್ಪು-ಸಾಸರಿಂದಾ? ಅದು ದಿನಕ್ಕೆ ನಾಲ್ಕು ಒಡೀತದೆ ಮಾರಾಯ್ರೆ.”

“ಅದಕ್ಕ ಒಳಗ ಲೋಹ ಇರ್ತದರಿ.”

“ಎಂತ ಲೋಹ?”

ಡಾಕ್ಟರು, ಲ್ಯಾಬಿನವರು ನಿಕ್ಕಲ್ ಬೆರೆಸಿದ ಯಾವುದೋ ಬಿಳಿಯ ಮಿಶ್ರಲೋಹ ಬಳಸುತ್ತಾರೆ ಎಂದರು. ಅಣ್ಣಾರಿಗೆ ಅದು ಸರಿ ಬರಲಿಲ್ಲ. ಯಾರ ಮನೆಯದೋ ಏನೋ, ಗೊತ್ತಿಲ್ಲದ ಲೋಹವನ್ನು ಬಾಯಲ್ಲಿ ಇಟ್ಟುಕೊಂಡು ದೇವರ ಹೆಸರು ಹೇಳುವುದು ಹೇಗೆ? ಯೋಚಿಸಿ ಬರುತ್ತೇನೆಂದು ಹೋದರು.

ಹಲ್ಲಿನ ಬೇರಿನ ಚಿಕಿತ್ಸೆ ಮುಗಿದು, ಉಳಿದ ಹಲ್ಲನ್ನು ಉಜ್ಜಿ ಅಚ್ಚು ತೆಗೆಯುವ ದಿನ ಅವರು ಕರವಸ್ತ್ರದ ಗಂಟೊಂದನ್ನು ಬಿಚ್ಚಿ ನನ್ನ ಕೈಯಲ್ಲಿಟ್ಟರು. ಒಂದೇ ಒಂದು ಬೆಂಡೋಲೆ. ಅವರ ಕಡೆಯ ಹಳೆಯ ಕಾಲದ ಹೆಂಗಸರು ಕಿವಿಗೆ ಹಾಕುತ್ತಿದ್ದ, ತೂಕದ ಓಲೆ.

“ಅಮ್ಮಂದು,” ಎಂದರು. “ಇದನ್ನು ಕರಗಿಸಿ ಒಳಗೆ ಹಾಕ್ಲಿಕ್ಕೆ ಹೇಳಿ.”

ಆ ದಿನ ಅವರ ಅಮ್ಮನ ಕಥೆ ತಿಳಿಯಿತು. ಊರಿನಿಂದ ಬಂದ ಮೇಲೆ ಅಮ್ಮ ಒಂಬತ್ತು ವರ್ಷ ತಿಂಗಳಲ್ಲಿ ಹದಿನೈದು ದಿನ ಮಲಾಡಿನಲ್ಲಿ ಮಗನ ಹತ್ತಿರ, ಹದಿನೈದು ದಿನ ದಹಿಸರಿನಲ್ಲಿ ಮಗಳ ಹತ್ತಿರ ಇದ್ದರಂತೆ. ಒಂದನೇ ತಾರೀಕಿಗೆ ಅಣ್ಣಾ ಅವರನ್ನು ಲೋಕಲ್ಲಿನಲ್ಲಿ ದಹಿಸರಿಗೆ ಬಿಟ್ಟು ಬರುವುದು, ಹದಿನಾರಕ್ಕೆ ತಂಗಿ ತಂದು ಬಿಡುವುದು. ಎರಡು ವರ್ಷದ ಹಿಂದೆ ತೀರಿಕೊಂಡಾಗ ಅಣ್ಣ-ತಂಗಿ ಒಂದೊಂದು ಬೆಂಡೋಲೆ ಹಂಚಿಕೊಂಡಿದ್ದರು.

ಡಾಕ್ಟರು ಸಾಧ್ಯವೇ ಇಲ್ಲ ಎಂದರು. ಪಿಂಗಾಣಿ ಸುಡುವ ಒಲೆಯ ಕಾವಿಗೆ ಒಡವೆಯ ಚಿನ್ನ ನಿಲ್ಲುವುದಿಲ್ಲ, ಕರಗಿ ಕೂರುತ್ತದೆ. ನಾನು ಹಾಗೆಯೇ ಹೇಳಿದೆ.

“ನನ್ನ ಅಮ್ಮ ಒಲೆಗೆ ಹೆದರುವವಳಾ?” ಎಂದರು ಅಣ್ಣಾ. “ಹತ್ತು ಜನಕ್ಕೆ ಅಡಿಗೆ ಮಾಡಿದವಳು. ನೀವು ಹಾಕಿ ನೋಡಿ.”

ಅರ್ಧ ಗಂಟೆ ವಾದವಾಯಿತು. ಕೊನೆಗೆ ಡಾಕ್ಟರು ಕೈಚೆಲ್ಲಿ, ಅಚ್ಚಿನ ಜೊತೆ ಬೆಂಡೋಲೆಯನ್ನೂ ಲ್ಯಾಬಿಗೆ ಕಳಿಸಿದರು. ಲ್ಯಾಬು ಗಿರಗಾಂವಿನಲ್ಲಿತ್ತು. ಅಲ್ಲಿನ ಕೆಲಸಗಾರ ಮಂಗಳವಾರ, ಶುಕ್ರವಾರ ತಗಡಿನ ಡಬ್ಬಿ ಹಿಡಿದು ಬರುತ್ತಿದ್ದ. ಹತ್ತು ದಿನದ ಮೇಲೆ ಬಂದವನು ಡಬ್ಬಿ ತೆರೆದು ನನ್ನ ಮೇಜಿನ ಮೇಲೆ ಎರಡು ವಸ್ತು ಇಟ್ಟ. ಒಂದು ಪ್ಲಾಸ್ಟರಿನ ಅಚ್ಚು, ಅದರ ಮೇಲೆ ಕೂರಿಸಿದ ಹಲ್ಲು. ಎಷ್ಟು ಚಂದದ ಹಲ್ಲೆಂದರೆ ಅಣ್ಣಾರ ಉಳಿದ ಹಲ್ಲುಗಳ ಸಣ್ಣ ಹಳದಿ ಕೂಡ ಅದರಲ್ಲಿತ್ತು. ಇನ್ನೊಂದು ಚೀಟಿಯಲ್ಲಿ ಸುತ್ತಿದ ಉಂಡೆ. ಕಡಲೆಯಷ್ಟು ದೊಡ್ಡದು, ಹಳದಿ, ಅಲ್ಲಲ್ಲಿ ಬಿಳಿಯ ಪಿಂಗಾಣಿ ಹಿಟ್ಟಿನ ಹಾಗೆ ಮೆತ್ತಿಕೊಂಡಿತ್ತು.

“ತ್ಯಾಚಿ ಭಜಿ ಝಾಲಿ,” ಎಂದು ಕೈಮುಗಿದ. ಅದು ಬಜ್ಜಿಯಾಯಿತು ಎಂದು ಅರ್ಥ. ಚಿನ್ನದ್ದು ಒಲೆಯಲ್ಲಿ ಕುಸಿದದ್ದರಿಂದ ತಮ್ಮ ಬಿಳಿಯ ಲೋಹದಲ್ಲೇ ಬೇರೆ ಮಾಡಿ ತಂದಿದ್ದ.

ಹಲ್ಲು ಕೂರಿಸುವ ದಿನ ಅಣ್ಣಾ ಒಬ್ಬರೇ ಬರಲಿಲ್ಲ. ತಂಗಿಯನ್ನು ಕರೆದುಕೊಂಡು ಬಂದರು. ಇಬ್ಬರೂ ಮಿಂದು, ಮಡಿ ಬಟ್ಟೆ ಉಟ್ಟಿದ್ದರು. ತಂಗಿಯ ಕೈಯಲ್ಲಿ ಸ್ಟೀಲಿನ ತಟ್ಟೆ, ಅದರಲ್ಲಿ ಕುಂಕುಮ, ಮಲ್ಲಿಗೆ, ತೆಂಗಿನಕಾಯಿಯ ಹೋಳು, ಕರ್ಪೂರ. ಅಚ್ಚಿನ ಮೇಲಿದ್ದ ಹಲ್ಲನ್ನು ನೋಡಿದ್ದೇ ತಂಗಿ ತಟ್ಟೆಯನ್ನು ಉಗುಳುವ ಬೇಸಿನ್ನಿನ ಪಕ್ಕ ಇಟ್ಟು ಕರ್ಪೂರ ಹಚ್ಚಿದರು. ಡಾಕ್ಟರು ಓಡಿ ಬಂದು ಸ್ಪಿರಿಟ್ಟಿನ ಬಾಟಲಿ ಎತ್ತಿ ದೂರ ಇಟ್ಟರು. ಆರತಿ ಆಯಿತು. ಪ್ಲಾಸ್ಟರಿನ ದವಡೆಗೆ ಕುಂಕುಮ ಬಿತ್ತು.

ಡಾಕ್ಟರು ನನ್ನ ಕಡೆ ತಿರುಗಿ ಇಂಗ್ಲಿಷಿನಲ್ಲಿ ಹೇಳಿದರು. ಇದರಲ್ಲಿ ಅವರ ಚಿನ್ನ ಇಲ್ಲ, ಅದು ಕರಗಿ ಹೋಯಿತು, ಉಂಡೆಯನ್ನು ಕೈಗೆ ಕೊಡು, ಸ್ಪಷ್ಟವಾಗಿ ಹೇಳು, ಆಮೇಲೆ ತಕರಾರು ಬೇಡ.

ನಾನು ಹೇಳಲು ಬಾಯಿ ತೆರೆದೆ. ಉಂಡೆಯ ಚೀಟಿ ಕೋಟಿನ ಜೇಬಿನಲ್ಲೇ ಇತ್ತು. ಅಷ್ಟರಲ್ಲಿ ತಂಗಿ ಅಚ್ಚಿನ ಮುಂದೆ ಬಗ್ಗಿ ಕೈಮುಗಿದರು. ಮನೆಯಲ್ಲಿ ಅವರ ಮಾತು ತುಳು. ಆ ದಿನ ನನಗೂ ತಿಳಿಯಲೆಂದೋ ಏನೋ ಕನ್ನಡದಲ್ಲೇ ಹೇಳಿದರು.

“ಅಮ್ಮ, ಇನ್ನು ಅಣ್ಣನ ಬಾಯಲ್ಲಿ ಚಂದ ಮಾಡಿ ಇರು. ಅವನಿಗೆ ಯಾರೂ ಇಲ್ಲ.”

ಹೇಳುತ್ತಾ ಅತ್ತರು. ಅಣ್ಣಾ ಗೋಡೆ ಕಡೆ ನೋಡುತ್ತಿದ್ದರು. ಡಾಕ್ಟರು, “ಹೇಳು, ಹೇಳು” ಎಂದು ಕಣ್ಣು ಸನ್ನೆ ಮಾಡಿದರು.

ನಾನು ಹೇಳಿದೆ: “ಡಾಕ್ಟರು ಏನಂತಾರಂದ್ರ, ಮುಂಜಾನಿಗೊಮ್ಮೆ ಸಂಜಿಗೊಮ್ಮೆ ಚಲೋತ್ನಂಗ ಬ್ರಷ್ ಮಾಡಬೇಕಂತ್ರಿ.”

ಇಬ್ಬರೂ ಗುಡಿಯಲ್ಲಿ ಪ್ರಸಾದ ತೆಗೆದುಕೊಳ್ಳುವವರ ಹಾಗೆ ತಲೆ ಬಾಗಿಸಿದರು. ಡಾಕ್ಟರರಿಗೆ ಸಮಾಧಾನವಾಯಿತು. ಎಷ್ಟು ಒಳ್ಳೆಯ ಜನ, ಒಂದು ಮಾತೂ ಆಡಲಿಲ್ಲ ಎಂದು ಮೆಚ್ಚಿಕೊಂಡು, ಹಲ್ಲಿನೊಳಗೆ ಸಿಮೆಂಟು ತುಂಬಿ ಕೂರಿಸಿಬಿಟ್ಟರು.

ಇನ್ನೊಂದು ವಾರಕ್ಕೆ ತೋರಿಸಲು ಬರುತ್ತಾರಲ್ಲ, ಆಗ ಹೇಳಿದರಾಯಿತು ಎಂದುಕೊಂಡೆ. ಉಂಡೆಯನ್ನು ಲಕೋಟೆಗೆ ಹಾಕಿ ಮೇಜಿನ ಡ್ರಾಯರಿನಲ್ಲಿ ಹತ್ತಿಯ ಸುರುಳಿಗಳ ಹಿಂದೆ ಇಟ್ಟೆ. ಆ ವಾರ ಮುಗಿಯುವ ಮೊದಲೇ ಅಣ್ಣಾ ಬೇರೆ ಮನುಷ್ಯರಾಗಿದ್ದರು.

ಅದು ನನಗೆ ಮೊದಲು ತಿಳಿದದ್ದು ಗಲ್ಲೆಯ ಮುಂದೆ. ಕಾಫಿಗೆ ಹೋಗಿದ್ದೆ. ಒಬ್ಬ ಗಿರಾಕಿ, ಸಾಂಬಾರು ತಾಜಾ ಇದೆಯೇ ಎಂದು ಕೇಳಿದ. ಅಂಥ ಪ್ರಶ್ನೆಗೆ ಮಲಾಡಿನ ಯಾವ ಹೋಟೆಲಿನಲ್ಲೂ ಒಂದೇ ಉತ್ತರ. ಅಣ್ಣಾ ಬಾಯಿ ತೆರೆದರು, ನಾಲಿಗೆಯಿಂದ ಆ ಹಲ್ಲನ್ನು ಮುಟ್ಟಿದರು, ಮತ್ತೆ ಮುಚ್ಚಿದರು. ಹಣೆಯಲ್ಲಿ ಬೆವರು ಬಂತು. ಕಡೆಗೆ ಹಿಂದಿಯಲ್ಲಿ, ಅರ್ಧ ನಿನ್ನೆಯದು, ಅರ್ಧ ಇವತ್ತಿನದು ಎಂದರು. ಗಿರಾಕಿ ನಕ್ಕ. ಅಣ್ಣಾ ನಗಲಿಲ್ಲ.

“ಅಮ್ಮ ಬಾಯಲ್ಲಿ ಕೂತಿದ್ದಾಳೆ ಸಿಸ್ಟರ್,” ಎಂದು ನನ್ನ ಹತ್ತಿರ ಪಿಸುಗುಟ್ಟಿದರು. “ಅವಳನ್ನು ದಾಟಿ ಸುಳ್ಳು ಹೊರಗೆ ಹೇಗೆ ಬರುದು?”

ಅಲ್ಲಿಂದ ಮುಂದೆ ಆ ಹೋಟೆಲಿನಲ್ಲಿ ಕೇಳಿದವರಿಗೆಲ್ಲ ನಿಜ ಸಿಗತೊಡಗಿತು. ಕಾಫಿ ಹೇಗಿದೆ ಎಂದರೆ “ಇವತ್ತು ಸುಮಾರು, ಚಾ ತಗೊಳ್ಳಿ.” ವಡೆ ಬಿಸಿ ಇದೆಯೇ ಎಂದರೆ “ಹೊರಗೆ ಬಿಸಿ, ಒಳಗೆ ಇಲ್ಲ.” ಹತ್ತು ನಿಮಿಷಕ್ಕೆ ದೋಸೆ ಬರುತ್ತದೆಯೇ ಎಂದರೆ “ಬರುದಿಲ್ಲ. ನಿಮ್ಮ ಗಾಡಿ ತಪ್ತದೆ, ನಾಳೆ ಬನ್ನಿ.” ಹೋಟೆಲು ಮುಳುಗುತ್ತದೆ ಎಂದು ಅಡಿಗೆಯ ಭಟ್ಟರು ಹಣೆ ಚಚ್ಚಿಕೊಂಡರು. ಆದದ್ದು ಬೇರೆ. ಎರಡು ತಿಂಗಳಲ್ಲಿ ಜನ ಪ್ಲೇಟಿಗಿಂತ ಮೊದಲು ಅಣ್ಣಾರ ಬಾಯಿಗಾಗಿ ಸಾಲು ನಿಂತರು. ಏನು ತಿನ್ನಲಿ ಎಂದು ಅವರನ್ನೇ ಕೇಳುವುದು, ಅವರು ಹೇಳಿದ್ದನ್ನು ತಿಂದು ಹೋಗುವುದು. ಕೆಲವರು ತಿಂಡಿ ಬಿಟ್ಟು ಬೇರೆ ವಿಷಯವನ್ನೂ ಕೇಳಿದರು. ಒಬ್ಬ ಮರಾಠಿ ಮಾಸ್ತರರು ತಾನು ಬರೆದ ನಾಟಕವನ್ನು ಗಲ್ಲೆಯ ಮುಂದೆ ಓದಿ, ಹೇಗಿದೆ ಎಂದು ಕೇಳಿ, ಕಣ್ಣೀರು ಹಾಕಿಕೊಂಡು ಹೋದರು.

ನಾನು ಮನೆಯಲ್ಲಿ ಗಂಡನಿಗೆ ಹೇಳಿದೆ. ಅವರು ಪೇಪರಿನಿಂದ ತಲೆ ಎತ್ತದೆ ಅಂದರು:

“ನೀ ಸುಮ್ಮನಿರು. ಸುಳ್ಳ ಹೇಳಿ ಒಬ್ಬ ಮನಶಾನ್ನ ಖರೇ ಹೇಳೂಹಂಗ ಮಾಡೀದಿ. ಇನ್ನ ಖರೇ ಹೇಳಿದ್ರ ಅಂವ ಮತ್ತ ಸುಳ್ಳ ಹೇಳಾಕ ಹತ್ತತಾನ.”

ಅದು ಆ ಹೊತ್ತಿಗೆ ಸರಿಯೆನಿಸಿತು. ಆದರೂ ಹತ್ತಿಯ ಸುರುಳಿ ತೆಗೆಯಲು ಡ್ರಾಯರ್ ಎಳೆದಾಗಲೆಲ್ಲ ಲಕೋಟೆ ಕೈಗೆ ತಾಗುತ್ತಿತ್ತು.

ಆರು ತಿಂಗಳಾದ ಮೇಲೆ ತಂಗಿ ದವಾಖಾನೆಗೆ ಬಂದರು. ಅವರ ಹಲ್ಲಿಗೇನೂ ಆಗಿರಲಿಲ್ಲ. ಅಣ್ಣಾರನ್ನೂ ಮೇಲೆ ಕರೆಸಿದರು.

“ಡಾಕ್ಟ್ರತ್ರ ಕೇಳಿ ಸಿಸ್ಟರ್, ಈ ಹಲ್ಲು ತೆಗೆದು ಹಾಕ್ಲಿಕ್ಕೆ ಬರ್ತದಾ?”

ಯಾಕೆ ಎಂದೆ.

“ಅಮ್ಮ ಆರು ತಿಂಗಳಿಂದ ಇವನ ಹತ್ರವೇ ಇದ್ದಾಳೆ. ನನ್ನ ಮನೆಗೆ ಒಂದು ದಿನವೂ ಬರ್ಲಿಲ್ಲ. ಹದಿನೈದು ದಿನ ಇಲ್ಲಿ, ಹದಿನೈದು ದಿನ ಅಲ್ಲಿ ಅಂತ ಇದ್ದದ್ದು. ತೀರಿಹೋದ್ರೆ ಕ್ರಮ ತಪ್ಪುದಾ?”

ಡಾಕ್ಟರರನ್ನು ನಾನು, ಹಲ್ಲನ್ನು ಆಗಾಗ ತೆಗೆದು ಹಾಕಬಹುದೇ ಎಂದಷ್ಟೇ ಕೇಳಿದೆ. ಆಗುವುದಿಲ್ಲ, ಸಿಮೆಂಟು ಹಾಕಿದೆ, ತೆಗೆದರೆ ಒಡೆಯಬೇಕು ಎಂದರು. ಅಣ್ಣ-ತಂಗಿ ತುಳುವಿನಲ್ಲಿ ಬಹಳ ಹೊತ್ತು ಮಾತಾಡಿದರು. ಕೊನೆಗೆ ಅಣ್ಣಾ ನನಗೆ ಹೇಳಿದರು, “ಹಲ್ಲು ಬರ್ಲಿಕ್ಕಿಲ್ಲ ಅಂದ್ರೆ ಹಲ್ಲಿನ ಒಟ್ಟಿಗೆ ನಾನೇ ಹೋಗ್ಬೇಕು. ಬೇರೆ ದಾರಿ ಎಂತ ಉಂಟು?”

ಹೀಗೆ ಅಣ್ಣಾ ಪ್ರತಿ ತಿಂಗಳ ಒಂದನೇ ತಾರೀಕಿಗೆ ಹಾಸಿಗೆ ಸುರುಳಿ ಕಂಕುಳಲ್ಲಿಟ್ಟು ದಹಿಸರಿಗೆ ಹೋಗಿ, ಹದಿನಾರಕ್ಕೆ ಮರಳತೊಡಗಿದರು. ಆ ಹದಿನೈದು ದಿನ ಬೆಳಗಿನ ಲೋಕಲ್ಲಿನಲ್ಲಿ ಮಲಾಡಿಗೆ ಬಂದು ಗಲ್ಲೆಯಲ್ಲಿ ಕೂತು, ಸಂಜೆ ಮತ್ತೆ ದಹಿಸರು. ತಂಗಿಯ ಮನೆ ಚಾಳಿನ ಒಂದೇ ಕೋಣೆಯ ಖೋಲಿ. ಅದರಲ್ಲಿ ತಂಗಿ, ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ದುಡಿಯುವ ಅವರ ಗಂಡ, ಮದುವೆಗೆ ಬಂದ ಮಗಳು. ಅಲ್ಲಿ ಇದ್ದ ಒಂದೇ ಕುರ್ಚಿಯಲ್ಲಿ ಅಣ್ಣಾರನ್ನು ಕೂರಿಸಿ, ಅಮ್ಮನಿಗೆ ಇಷ್ಟವಾದದ್ದನ್ನೆಲ್ಲ ಮಾಡಿ ಬಡಿಸುತ್ತಿದ್ದರಂತೆ. ಊಟವಾದ ಮೇಲೆ ತಂಗಿ ಎದುರಿಗೆ ಕೂತು ಮನೆಯ ವಿಷಯಗಳನ್ನು ಒಂದೊಂದಾಗಿ ಅಮ್ಮನ ಹತ್ತಿರ ಕೇಳುವುದು. ಉತ್ತರ ಅಣ್ಣಾರ ಬಾಯಿಂದ ಬರಬೇಕು. ಬೊರಿವಲಿಯಿಂದ ಮಗಳಿಗೆ ಒಂದು ಸಂಬಂಧ ಬಂದಿತ್ತು. ಹುಡುಗ ಬ್ಯಾಂಕಿನಲ್ಲಿದ್ದ. ತಂಗಿ ಕೇಳಿದರು, ಅಣ್ಣಾ ಹಲ್ಲು ಮುಟ್ಟಿ ನೋಡಿ “ಬೇಡ” ಎಂದರು. ಸಂಬಂಧ ನಿಂತಿತು.

ಇದನ್ನೆಲ್ಲ ಅಣ್ಣಾರೇ ನನಗೆ ಹೇಳುತ್ತಿದ್ದರು. ಹುಡುಗಿಯ ಮದುವೆ ನಿಂತ ಸುದ್ದಿ ಕೇಳಿದ ದಿನ ಲಕೋಟೆಯನ್ನು ಡ್ರಾಯರಿನಿಂದ ತೆಗೆದು ಮತ್ತೆ ಅಲ್ಲೇ ಇಟ್ಟೆ. ಅದುವರೆಗೆ ನಗುವ ಹಾಗಿತ್ತು. ನಾಳೆ ಹೇಳುತ್ತೇನೆ, ನಾಡಿದ್ದು ಹೇಳುತ್ತೇನೆ ಎಂದು ಮೂರು ವಾರ ಹಿಂಜರಿದೆ. ಅಷ್ಟರಲ್ಲಿ ಮಳೆಗಾಲ ಬಂತು.

ಜುಲೈ ತಿಂಗಳ ಮೊದಲ ವಾರ, ಬೆಳಿಗ್ಗೆ, ಅಣ್ಣಾ ಬಾಯಿಗೆ ಕರವಸ್ತ್ರ ಒತ್ತಿ ಮೆಟ್ಟಿಲು ಹತ್ತಿ ಬಂದರು. ಹಿಂದೆಯೇ ತಂಗಿ. ದಹಿಸರಿನಲ್ಲಿ ಇಬ್ಬರೂ ಒಟ್ಟಿಗೆ ಸ್ಟೇಷನ್ನಿಗೆ ಬಂದಿದ್ದರು. ಗಂಡಸರ ಡಬ್ಬಿಗೆ ಹತ್ತುವ ನೂಕುನುಗ್ಗಲಿನಲ್ಲಿ ಯಾರದೋ ಕೊಡೆಯ ಹಿಡಿ ಅಣ್ಣಾರ ಬಾಯಿಗೆ ಬಡಿದಿತ್ತು. ಗಾಡಿ ಬಿಟ್ಟು, ತಂಗಿಯ ಕೈಗನ್ನಡಿ ಇಸಿದುಕೊಂಡು ಪ್ಲಾಟ್‌ಫಾರ್ಮಿನಲ್ಲಿ ನೋಡಿಕೊಂಡಿದ್ದರು.

ಕರವಸ್ತ್ರ ತೆಗೆದರು. ಹಲ್ಲಿನ ಮುಂಭಾಗದ ಪಿಂಗಾಣಿ ಅರ್ಧ ಹಾರಿ ಹೋಗಿತ್ತು. ಅದರಡಿಯ ಲೋಹ ಕಾಣುತ್ತಿತ್ತು, ಸ್ಟೀಲಿನ ಲೋಟದ ಬಣ್ಣ.

“ಸಿಸ್ಟರ್,” ಎಂದರು ತಂಗಿ, “ಅಮ್ಮ ಬೆಳ್ಳಗಾಗಿದ್ದಾಳೆ.”

ಚಿನ್ನ ಬಾಯಲ್ಲಿದ್ದು ಬಣ್ಣ ಬಿಟ್ಟಿದೆಯೋ, ಅಮ್ಮನಿಗೆ ಏನಾದರೂ ಕೋಪವೋ ಎಂದು ಅವರ ಭಯ. ಡಾಕ್ಟರು ನೋಡಿ, ಇದು ಮೊದಲಿನಿಂದ ಬಿಳಿಯೇ ಅಲ್ಲವೇ, ಆವತ್ತೇ ಹೇಳಿದ್ದೆವಲ್ಲ ಎಂದು ಹಿಂದಿಯಲ್ಲಿ ಅವರಿಗೇ ಹೇಳಿಬಿಟ್ಟರು. ಮೂವರೂ ನನ್ನನ್ನು ನೋಡಿದರು.

ನಾನು ಡ್ರಾಯರ್ ಎಳೆದು ಲಕೋಟೆ ತಂದೆ. ಉಂಡೆಯನ್ನು ಅಣ್ಣಾರ ಅಂಗೈಗೆ ಹಾಕಿದೆ. ಪೇಷಂಟರ ಸ್ಟೂಲಿನ ಮೇಲೆ ಕೂತೆ.

“ಇದ ನೋಡ್ರಿ ನಿಮ್ಮ ಅಮ್ಮನ ಬೆಂಡೋಲಿ. ಒಲಿಯೊಳಗ ಕರಗಿತು. ಹಲ್ಲಿನ್ಯಾಗ ಇರೂದು ಲ್ಯಾಬಿನವರ ಲೋಹ. ಆವತ್ತ ಡಾಕ್ಟರು ಹೇಳು ಅಂದ್ರು. ನೀವು ಆರತಿ ಮಾಡಿ ಅಳಾಕ ಹತ್ತಿದ್ರಿ, ನನ್ನ ಕೈಲೆ ಹೇಳಾಕ ಆಗಲಿಲ್ಲ. ತಪ್ಪಾತ್ರಿ.”

“ಹಾಗಾದರೆ ಆವತ್ತು ಏನು ಹೇಳಿದೆ?” ಎಂದರು ಡಾಕ್ಟರು. ಧ್ವನಿ ಗಟ್ಟಿಯಾಗಿತ್ತು.

“ಎರಡು ಹೊತ್ತು ಬ್ರಷ್ ಮಾಡಿ ಅಂದೆ.”

ಡಾಕ್ಟರು ಏನೋ ಬೈಯಲು ಹೊರಟವರು, ಅಣ್ಣಾರ ತುಟಿ ಎತ್ತಿ ಒಸಡು ನೋಡಿದರು. ಮಾಡಿದ್ದಾರೆ, ಒಸಡು ಬಹಳ ಚೆನ್ನಾಗಿದೆ ಎಂದು ಗೊಣಗಿ, ಕೈ ತೊಳೆಯಲು ಹೋದರು.

ಅಣ್ಣಾ ಉಂಡೆಯನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡುತ್ತಿದ್ದರು. ಅದರಿಂದ ಕಣ್ಣು ತೆಗೆಯದೆ ಕೇಳಿದರು:

“ಹಾಗಾದ್ರೆ ಇಷ್ಟು ದಿನ ನಾನು ಸುಳ್ಳು ಹೇಳದೆ ಇದ್ದದ್ದು ಯಾರಿಗೆ ಹೆದರಿ?”

ಏನಂತೆ ಎಂದು ಡಾಕ್ಟರು ಕೇಳಿದರು, ಹೇಳಿದೆ. ಅವರು ಟವೆಲಿನಲ್ಲಿ ಕೈ ಒರೆಸಿಕೊಳ್ಳುತ್ತಾ, “ನಿಕ್ಕಲ್ಲಿಗೆ” ಎಂದರು. ಅದೊಂದನ್ನು ನಾನು ಕನ್ನಡಕ್ಕೆ ತಿರುಗಿಸಲಿಲ್ಲ.

ತಂಗಿ ಮಾತ್ರ ಬೇರೆಯೇ ಲೆಕ್ಕದಲ್ಲಿದ್ದರು. ಅಣ್ಣನ ತೋಳು ಹಿಡಿದು ತಮ್ಮ ಕಡೆ ತಿರುಗಿಸಿಕೊಂಡರು.

“ಬೊರಿವಲಿ ಹುಡುಗ ಬೇಡ ಅಂತ ಹೇಳಿದ್ದು ಯಾರು ಹಾಗಾದ್ರೆ?”

“ನಾನೇ.”

“ನಿನಗೆ ಯಾಕೆ ಬೇಡ?”

ಅಣ್ಣಾ ಅಭ್ಯಾಸದಿಂದ ನಾಲಿಗೆಯನ್ನು ಒಡೆದ ಹಲ್ಲಿಗೆ ತಾಗಿಸಿದರು. ಚುಚ್ಚಿರಬೇಕು, ಮುಖ ಸಿಂಡರಿಸಿದರು.

“ಅವನು ನಮ್ಮ ಹೋಟ್ಲಿಗೆ ಬಂದವ ಉಪ್ಪಿಟ್ಟಿಗೆ ಸಕ್ಕರೆ ಕೇಳಿದ.”

“ಅಷ್ಟಕ್ಕಾ?”

“ಅಷ್ಟಕ್ಕೇ.”

ತಂಗಿ ತಲೆಗೆ ಕೈಹೊತ್ತು ಕೂತರು. ನಾನು ನನ್ನನ್ನು ಬೈಯುತ್ತಾರೆಂದು ಕಾದಿದ್ದೆ, ಅವರು ಬೈದದ್ದೆಲ್ಲ ಅಣ್ಣನನ್ನು, ಅದೂ ತುಳುವಿನಲ್ಲಿ. ಸಾಕಾದ ಮೇಲೆ ನನ್ನ ಕಡೆ ತಿರುಗಿ, “ನೀವು ಹೇಳದಿದ್ದದ್ದು ಒಳ್ಳೇದಾಯ್ತು. ಹೇಳಿದ್ರೆ ಆವತ್ತು ಇವನು ಕುರ್ಚಿಯಲ್ಲೇ ಎದೆ ಒಡೆದು ಸಾಯ್ತಿದ್ದ,” ಎಂದರು. ಉಂಡೆಯನ್ನು ಅಣ್ಣನ ಕೈಯಿಂದ ತೆಗೆದು ತಮ್ಮ ಸೆರಗಿನ ತುದಿಗೆ ಗಂಟು ಹಾಕಿಕೊಂಡರು.

ಡಾಕ್ಟರು ನನ್ನನ್ನು ಕೆಲಸದಿಂದ ತೆಗೆಯಲಿಲ್ಲ. ಆದರೆ ಒಂದು ಹೊಸ ಕ್ರಮ ಮಾಡಿದರು. ನಾನು ಕನ್ನಡದಲ್ಲಿ ಹೇಳಿದ ಮೇಲೆ ಪೇಷಂಟು ಅದನ್ನು ತನಗೆ ಬಂದ ಹಿಂದಿಯಲ್ಲಿ ಡಾಕ್ಟರರಿಗೆ ವಾಪಸು ಹೇಳಬೇಕು. ನಮ್ಮ ಕಡೆಯ ಕಲ್ಲು ಹೊರುವ ಮಂದಿ ಬಾಯಲ್ಲಿ ಹತ್ತಿ ಇಟ್ಟುಕೊಂಡು ಹಿಂದಿ ಹೇಳುವುದನ್ನು ಕೇಳಿ ಡಾಕ್ಟರೇ ಎರಡು ತಿಂಗಳಲ್ಲಿ ಅದನ್ನು ಕೈಬಿಟ್ಟರು.

ಅಣ್ಣಾರ ಒಡೆದ ಟೋಪಿಯನ್ನು ಕೊರೆದು ತೆಗೆದು, ಅದೇ ಲೋಹದ್ದು, ಅದೇ ಪಿಂಗಾಣಿಯದು ಇನ್ನೊಂದನ್ನು ಕೂರಿಸಿದರು. ಈ ಸಲ ಆರತಿ ಇರಲಿಲ್ಲ. ಕೆಳಗೆ ಇಳಿದು ಗಲ್ಲೆಯಲ್ಲಿ ಕೂತ ಮೊದಲ ದಿನವೇ, ಸಾಂಬಾರು ತಾಜಾ ಇದೆಯೇ ಎಂದವನಿಗೆ ಅಣ್ಣಾ, “ಏಕ್‌ದಮ್ ತಾಜಾ” ಎಂದರು. ನಾನು ಫ್ಲಾಸ್ಕು ಹಿಡಿದು ಪಕ್ಕದಲ್ಲೇ ಇದ್ದೆ. ಗಿರಾಕಿ ಖುಷಿಯಿಂದ ಎರಡು ಪ್ಲೇಟು ಹೇಳಿದ, ಅಣ್ಣಾ ಹೇಳಿದರೆ ನಿಜವೇ ಎಂದು ಜೊತೆಯವನಿಗೂ ಹೇಳಿದ. ಅದನ್ನು ಕೇಳಿ ಅಣ್ಣಾರಿಗೆ ಏನಾಯಿತೋ, ಎದ್ದು ಒಳಗೆ ಹೋಗಿ ಭಟ್ಟರಿಗೆ ಹಳೆಯ ಸಾಂಬಾರು ಚೆಲ್ಲಿ ಹೊಸದು ಮಾಡಲು ಹೇಳಿದರು. ಆ ಗಿರಾಕಿ ಮುಕ್ಕಾಲು ಗಂಟೆ ಕಾದ. ಮುಂದೆಯೂ ಹಾಗೇ ನಡೆಯಿತು. ಮೊದಲು ಸುಳ್ಳು ಹೇಳುವುದು, ಆಮೇಲೆ ಅದು ನಿಜವಾಗುವ ಹಾಗೆ ಒಳಗೆ ಓಡಿಹೋಗಿ ಏರ್ಪಾಡು ಮಾಡುವುದು.

ಬೊರಿವಲಿ ಹುಡುಗನಿಗೆ ಬೇರೆ ಕಡೆ ಹೆಣ್ಣು ಗೊತ್ತಾಗಿರಲಿಲ್ಲ. ಅಣ್ಣಾರೇ ಹೋಗಿ ಮಾತಾಡಿ ಬಂದರು. ಮದುವೆಗೆ ನಾನೂ ನನ್ನ ಗಂಡನೂ ಹೋಗಿದ್ದೆವು. ತಂಗಿಯ ಬಲಗಿವಿಯಲ್ಲಿ ಅವರ ಪಾಲಿನ ಬೆಂಡೋಲೆ, ಎಡಗಿವಿಯಲ್ಲಿ ಆ ಉಂಡೆ. ಪಿಂಗಾಣಿ ಬಿಡಿಸಲು ಅಕ್ಕಸಾಲಿಗ ಒಪ್ಪಲಿಲ್ಲವಂತೆ, ಒಂದು ಕಡ್ಡಿ ಬೆಸೆದು ಹಾಗೆಯೇ ಕೊಟ್ಟಿದ್ದ. ಬೀಗರ ಕಡೆಯ ಹೆಂಗಸೊಬ್ಬರು ಇದು ಯಾವ ಮಾದರಿ ಎಂದು ಕೇಳಿದ್ದಕ್ಕೆ, “ಹೊಸ ಫ್ಯಾಷನ್, ಡಾಕ್ಟ್ರು ಮಾಡಿ ಕೊಟ್ಟದ್ದು,” ಎಂದರು.

ಮದುವೆಯಾಗಿ ಕೆಲವು ತಿಂಗಳ ಮೇಲೆ ತಂಗಿಯ ಗಂಡ ದವಾಖಾನೆಗೆ ಬಂದರು. ಬಹಳ ಮೆತ್ತಗಿನ ಮನುಷ್ಯ, ಬೆರಳ ಸಂದಿಯಲ್ಲಿ ಪ್ರೆಸ್ಸಿನ ಮಸಿ. ಹೆಸರು ಬರೆಸಿ, ಸಾಲಿನಲ್ಲಿ ಕೂತು, ಸರದಿ ಬಂದಾಗ ಬಾಯಿ ತೆರೆಯಲಿಲ್ಲ.

“ಸಿಸ್ಟರ್, ಹಲ್ಲಿಗೆ ಎಂತ ಆಗ್ಲಿಲ್ಲ. ಭಾವನ ವಿಷಯ. ಬಾಯಲ್ಲಿ ಅಮ್ಮ ಇಲ್ಲ ಅಂತ ಗೊತ್ತಾಗಿ ಎಷ್ಟು ತಿಂಗಳಾಯ್ತು. ಆದ್ರೂ ಒಂದನೇ ತಾರೀಕಿಗೆ ಹಾಸಿಗೆ ಹಿಡ್ಕೊಂಡು ಬರ್ತಾರೆ. ಬಂದು ಆ ಕುರ್ಚಿಯಲ್ಲೇ ಕೂತ್ಕೊಳ್ತಾರೆ. ಇವಳಿಗೂ ಅದು ಖುಷಿ. ನಾನು ಪೇಪರ್ ಓದುದು ಎಲ್ಲಿ? ಡಾಕ್ಟ್ರು ಒಂದು ಚೀಟಿ ಬರೆದು ಕೊಡ್ಲಿಕ್ಕೆ ಆಗ್ತದಾ? ಈ ಹಲ್ಲಿಗೆ ದಹಿಸರಿನ ಹವೆ ಒಳ್ಳೇದಲ್ಲ ಅಂತ?”

ನಾನು ಒಂದು ಅಕ್ಷರ ಬಿಡದೆ ಡಾಕ್ಟರರಿಗೆ ಹೇಳಿದೆ. ಅವರು ನಗುತ್ತಾ, ಅಂಥ ಚೀಟಿ ಬರೆಯಲಾರೆ ಎಂದರು. ಬಂದದ್ದಾಯಿತೆಂದು ಅವರ ಹಲ್ಲು ಕ್ಲೀನ್ ಮಾಡಿ ಕಳಿಸಿದರು.

ನಾನು ಆ ಕೆಲಸ ಬಿಡುವ ಹೊತ್ತಿಗೆ ಅಣ್ಣಾ ತಂಗಿಯ ಚಾಳಿನಲ್ಲೇ, ಎರಡು ಬಾಗಿಲು ಆಚೆ, ಒಂದು ಖೋಲಿ ಹಿಡಿದಿದ್ದರು. ಅದನ್ನು ಹುಡುಕಿ, ಮಾಲಿಕನ ಜೊತೆ ಮಾತಾಡಿ, ಗೋಡೆಗೆ ಸುಣ್ಣ ಹೊಡೆಸಿ, ಒಂದು ಒಳ್ಳೆಯ ಕುರ್ಚಿಯನ್ನೂ ಕೊಂಡು ಇಟ್ಟವರು ತಂಗಿಯ ಗಂಡನೇ.